ಪೆನ್‌ಡ್ರೈವ್ ಎಸೆಯಿರಿ ಅನ್ನುವ ಮುಂಚೆ

ಸಂಪಾದಕರಿಗೆ ನಮಸ್ಕಾರ,

ಪೆನ್‌ಡ್ರೈವ್ ಕಾಲ ಮುಗಿಯಿತು, ಎಲ್ಲವನ್ನೂ ಕ್ಲೌಡಿಗೆ, ಅಂದರೆ ಇಂಟರ್ನೆಟ್ಟಿನಲ್ಲಿ ಕಂಪನಿಗಳು ಕೊಡುವ ಜಾಗಕ್ಕೆ, ಹಾಕಿ ನಿಶ್ಚಿಂತೆಯಿಂದ ಇರಿ ಅನ್ನುವ ಬರಹ ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಅಂಗಡಿಯ ಕೌಂಟರ್ ಮೇಲೆ ಪೇಪರ್ ಹರವಿಕೊಂಡು ಅದನ್ನೇ ಓದುತ್ತಿದ್ದೆ. ಅಷ್ಟರಲ್ಲಿ ಒಬ್ಬರು ಬಂದು, ಹೆಲ್ಮೆಟ್ ಕೂಡ ತೆಗೆಯದೆ, ಆ ಪೇಪರಿನ ಮೇಲೇ ಪೆನ್‌ಡ್ರೈವ್ ಇಟ್ಟು ‘ಅಕ್ಕಾರ, ಇದರಾಗಿಂದು ಎರಡು ಪೇಜ್ ಪ್ರಿಂಟ್ ಕೊಡ್ರಿ’ ಅಂದರು. ನಗು ಬಂತು. ಅವತ್ತು ಸಂಜೆವರೆಗೆ ಸುಮ್ನೆ ಲೆಕ್ಕ ಇಟ್ಟೆ. ಹತ್ತೊಂಬತ್ತು ಪೆನ್‌ಡ್ರೈವ್ ಬಂದವು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದವರು ಅದಕ್ಕಿಂತ ಜಾಸ್ತಿ, ಎಣಿಸುವುದು ಬಿಟ್ಟೆ. ಕ್ಲೌಡಿನ ಲಿಂಕ್ ಕೊಟ್ಟವರು ಇಬ್ಬರು. ಅದರಲ್ಲಿ ಒಬ್ಬರ ಲಿಂಕಿಗೆ ಪರ್ಮಿಷನ್ ಇರಲಿಲ್ಲ. ಅವರ ಮಗನಿಗೆ ಫೋನ್ ಮಾಡಿ ತೆಗೆಸಬೇಕಾಯಿತು.

ನಾನು ಗಂಗಾವತಿಯಲ್ಲಿ 17 ವರ್ಷದಿಂದ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಅಕ್ಕಿ ಮಿಲ್ಲಿನವರ ಬಿಲ್ ಬುಕ್ಕು, ಸ್ಕಾಲರ್‌ಶಿಪ್ ಅರ್ಜಿ, ಬಿ.ಎಡ್. ಹುಡುಗಿಯರ ಪ್ರಾಜೆಕ್ಟು, ಹೀಗೆ. ಕಂಪ್ಯೂಟರ್ ಓದಿದವಳಲ್ಲ. ಆದರೆ ಜನರ ಫೈಲು ಹೇಗೆ ಕಳೆದುಹೋಗುತ್ತದೆ ಅನ್ನುವುದನ್ನು ಮಾತ್ರ ದಿನಾ ನೋಡುತ್ತೇನೆ. ನಿಮ್ಮ ಬರಹಗಾರರ ಮೇಲೆ ಸಿಟ್ಟೇನಿಲ್ಲ. ಅವರು ಹೇಳಿದ್ದರಲ್ಲಿ ಅರ್ಧ ಸರಿ. ಇನ್ನರ್ಧಕ್ಕೆ ಈ ಪತ್ರ.

ಮೊದಲು ಸರಿ ಇರುವ ಅರ್ಧ. ಎರಡು ವರ್ಷದ ಹಿಂದೆ ಕಾರಟಗಿ ಕಡೆಯ ರಿಟೈರ್ಡ್ ಮಾಸ್ತರರೊಬ್ಬರು ಬಂದರು. ಕರ್ಚೀಫಿನೊಳಗೆ ಪ್ಲಾಸ್ಟಿಕ್ ಕವರ್, ಕವರಿನೊಳಗೆ ಒಂದು ಚಿಕ್ಕ ಡಬ್ಬಿ, ಡಬ್ಬಿಯಲ್ಲಿ ಹತ್ತಿ, ಹತ್ತಿ ಮೇಲೆ 32 ಜಿಬಿಯ ಒಂದು ಪೆನ್‌ಡ್ರೈವ್. ಬಂಗಾರದ ಓಲೆ ತಂದ ಹಾಗೆ ತಂದಿದ್ದರು. ಸುತ್ತಲ ಹಳ್ಳಿಗಳ ಮುದುಕಿಯರು ಹಾಡಿದ ಬೀಸುವ ಪದ, ಸೋಬಾನ ಪದಗಳನ್ನು ವರ್ಷಗಟ್ಟಲೆ ಫೋನಿನಲ್ಲಿ ರೆಕಾರ್ಡ್ ಮಾಡಿದ್ದರಂತೆ. ಎಲ್ಲವನ್ನೂ ಇದಕ್ಕೆ ಹಾಕಿ, ಫೋನಿನಿಂದ ಅಳಿಸಿ, ತಿಜೋರಿಯಲ್ಲಿಟ್ಟು ಬೀಗ ಹಾಕಿದ್ದರು. ನಾಲ್ಕು ವರ್ಷ ಮುಟ್ಟಿರಲಿಲ್ಲ. ಮುಟ್ಟಿದರೆ ಕೆಡುತ್ತದೆ ಅಂತ.

ಕಂಪ್ಯೂಟರಿಗೆ ಹಾಕಿದೆ. ಡ್ರೈವ್‌ನ ಲೈಟ್ ಹತ್ತಿತು. ಟಣ್ ಅಂತ ಸದ್ದೂ ಬಂತು. ಆಮೇಲೆ ಆ ಚೌಕ ಬಂತು. ಈ ಡಿಸ್ಕನ್ನು ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು, ಅಂದರೆ ಇದ್ದದ್ದನ್ನೆಲ್ಲಾ ಅಳಿಸಿ ಹೊಸದು ಮಾಡಬೇಕು, ಮಾಡಲೇ ಅಂತ ಕೇಳುವ ಚೌಕ. ‘ಏನಂತೈತಿ ತಂಗಿ?’ ಅಂದರು ಮಾಸ್ತರರು. ನಾನು ಬಾಯಿ ಬಿಡಲಿಲ್ಲ. ಇನ್ನೊಂದು ಪೋರ್ಟಿಗೆ ಹಾಕಿದೆ. ಇನ್ನೊಂದು ಕಂಪ್ಯೂಟರಿಗೆ ಹಾಕಿದೆ. ‘ಸರ, ಇವತ್ತು ರಾತ್ರಿ ನನ್ನ ಹತ್ರ ಬಿಟ್ಟು ಹೋಗ್ರಿ’ ಅಂದೆ. ರಿಕವರಿ ಸಾಫ್ಟ್‌ವೇರ್ ರಾತ್ರಿಯೆಲ್ಲಾ ಓಡಿತು. ಬೆಳಿಗ್ಗೆ ಸಿಕ್ಕಿದ್ದು ಹೆಸರಿಲ್ಲದ ಫೈಲುಗಳ ರಾಶಿ. ಒಂದೊಂದನ್ನೇ ಹಚ್ಚಿ ಕೇಳಿದೆ. ಎರಡು ಸೆಕೆಂಡ್ ದನಿ, ಆಮೇಲೆ ಗರ್ರ್ ಅನ್ನುವ ಸದ್ದು. ಒಂದರಲ್ಲಿ ಒಬ್ಬ ಅಜ್ಜಿ ಕೆಮ್ಮಿ, ಗಂಟಲು ಸರಿಮಾಡಿಕೊಂಡು ‘ಶುರು ಮಾಡ್ಲೇನಪ?’ ಅಂತ ಕೇಳುವುದು ಪೂರ್ತಿ ಉಳಿದಿತ್ತು. ಹಾಡು ಇರಲಿಲ್ಲ.

ಪೆನ್‌ಡ್ರೈವ್ ಒಳಗೆ ಏನಾಗುತ್ತದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಅದರಲ್ಲಿ ತಿರುಗುವ ತಟ್ಟೆ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಲ್ಲಿ ಒಂದಿಷ್ಟು ವಿದ್ಯುತ್ತನ್ನು ಕೂಡಿ ಹಾಕಿರುತ್ತದೆ. ಯಾವ ಕೋಶದಲ್ಲಿ ಎಷ್ಟಿದೆ ಅಂತ ಅಳೆದೇ ಅದು ನಮ್ಮ ಹಾಡು, ಫೋಟೋ ಓದುವುದು. ಕರೆಂಟಿನ ಸಂಪರ್ಕವೇ ಇಲ್ಲದೆ ವರ್ಷಗಟ್ಟಲೆ ಬಿಟ್ಟರೆ ಅದು ಮಣ್ಣಿನ ಗಡಿಗೆಯ ನೀರಿನ ಹಾಗೆ ಜಿನುಗುತ್ತದೆ. ಸೆಖೆಗೆ ಇನ್ನೂ ಬೇಗ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ, ತಗಡಿನ ತಿಜೋರಿಯ ಒಳಗಿನ ಪಾಡು ಕೇಳಬೇಕೇ? ಈಗಿನ ಅಗ್ಗದ ಡ್ರೈವ್‌ಗಳಲ್ಲಿ ಒಂದೇ ಕೋಶಕ್ಕೆ ಮೂರು, ನಾಲ್ಕು ಬಿಟ್ (ಮಾಹಿತಿಯ ತೀರಾ ಸಣ್ಣ ತುಣುಕು) ತುರುಕಿರುತ್ತಾರೆ. ಸ್ವಲ್ಪ ಜಿನುಗಿದರೂ ಅಳತೆ ತಪ್ಪುತ್ತದೆ. ಕೆಲವು ಸಲ ಈ ಕೋಶಗಳನ್ನು ನೋಡಿಕೊಳ್ಳುವ ಒಳಗಿನ ಕಂಟ್ರೋಲರ್ ಚಿಪ್ಪೇ ಕೈಕೊಡುತ್ತದೆ. ಆಗಲೂ ಪರದೆ ಮೇಲೆ ಬರುವುದು ಅದೇ ಚೌಕ.

2000ರಲ್ಲಿ ಮೊದಲ ಪೆನ್‌ಡ್ರೈವ್‌ಗಳು ಮಾರಾಟಕ್ಕೆ ಬಂದಾಗ 8 ಎಂಬಿಯವೂ ಇದ್ದವು. ಇವತ್ತಿನ ಫೋನಿನ ಎರಡು ಫೋಟೋ ಹಾಕಿದರೆ ತುಂಬಿತು. ಫ್ಲಾಪಿಯ ಬದಲು ಅಲ್ಲಿಂದ ಇಲ್ಲಿಗೆ ಒಯ್ಯಲು ಬಂದ ವಸ್ತು ಅದು. ಒಯ್ಯುವ ಚೀಲವನ್ನು ನಾವು ಕಣಜ ಮಾಡಿಕೊಂಡೆವು.

ಪೆನ್‌ಡ್ರೈವ್‌ನ ಉಳಿದ ಕಾಯಿಲೆಗಳನ್ನು ಬೇಗ ಹೇಳಿಬಿಡುತ್ತೇನೆ. ಶಾರ್ಟ್‌ಕಟ್ ವೈರಸ್ ಗೊತ್ತಲ್ವಾ, ಫೋಲ್ಡರ್ ಎಲ್ಲಾ ಮಾಯವಾಗಿ ಬಾಣದ ಗುರುತಿನ ಐಕಾನ್ ಉಳಿಯುವುದು. ಅದು ಊರು ಸುತ್ತುವುದು ನಮ್ಮಂಥ ಜೆರಾಕ್ಸ್ ಅಂಗಡಿಗಳಿಂದಲೇ, ಒಪ್ಪಿಕೊಳ್ಳುತ್ತೇನೆ. ಫೈಲು ಹೋಗಿರುವುದಿಲ್ಲ, ಅಡಗಿರುತ್ತದೆ, ಅಷ್ಟೇ. ಗಾಬರಿಯಾಗಿ ಫಾರ್ಮ್ಯಾಟ್ ಮಾಡಿದವರೇ ಕಳೆದುಕೊಂಡವರು. ಇನ್ನೊಂದು, 2 ಟಿಬಿ (ಸುಮಾರು 2000 ಜಿಬಿ) ಅಂತ ಮುನ್ನೂರು ರೂಪಾಯಿಗೆ ಆನ್‌ಲೈನಿನಲ್ಲಿ ಸಿಗುವ ಡ್ರೈವ್. ಒಳಗಿರುವುದು 32 ಅಥವಾ 64 ಜಿಬಿ ಚಿಪ್ಪು. 2 ಟಿಬಿ ಅಂತ ಕಂಪ್ಯೂಟರಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಅಷ್ಟು ತುಂಬುವವರೆಗೆ ಸರಿಯಾಗಿರುತ್ತದೆ. ಆಮೇಲೆ ಹಾಕಿದ್ದೆಲ್ಲಾ ಹೆಸರಿಗೆ ಕಾಣುತ್ತದೆ, ತೆರೆದರೆ ಏನೂ ಇಲ್ಲ. ಆದರೆ ‘ಡ್ರೈವ್‌ನಲ್ಲಿ ಜಾಗ ಇದ್ದರೂ ಮದುವೆ ವಿಡಿಯೋ ಕಾಪಿ ಆಗವಲ್ದು’ ಅನ್ನುವುದು ಮೋಸ ಅಲ್ಲ. ಫ್ಯಾಟ್32 ಅಂತ ಡ್ರೈವ್‌ನಲ್ಲಿ ಫೈಲು ಜೋಡಿಸುವ ಹಳೆ ಪದ್ಧತಿ ಇದೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಕೂರುವುದಿಲ್ಲ. ಎಕ್ಸ್‌ಫ್ಯಾಟ್ ಅನ್ನುವ ಹೊಸ ಪದ್ಧತಿಗೆ ಬದಲಿಸಿದರೆ ಕೂರುತ್ತದೆ.

ಇಷ್ಟೆಲ್ಲಾ ನೋಡಿದವಳು ಕ್ಲೌಡ್ ಬೇಡ ಅನ್ನುತ್ತೇನೆಯೇ? ಇಲ್ಲ. ಡ್ರಾಪ್‌ಬಾಕ್ಸ್ ಅನ್ನುವ ಕ್ಲೌಡ್ ಕಂಪನಿ ಕಟ್ಟಿದ ಡ್ರೂ ಹ್ಯೂಸ್ಟನ್ ಅವರಿಗೆ ಆ ಯೋಚನೆ ಬಂದದ್ದೇ ಬಸ್ಸಿನಲ್ಲಿ, ಪೆನ್‌ಡ್ರೈವ್ ಮರೆತು ಬಂದದ್ದಕ್ಕೆ ತಮ್ಮನ್ನೇ ಬೈದುಕೊಳ್ಳುತ್ತಾ ಕೂತಾಗ. ನಮ್ಮ ಗಿರಾಕಿಗಳಲ್ಲಿ ಅರ್ಧದಷ್ಟು ಜನರಿಗೆ ಅದೇ ಕಥೆ, ಕಂಪನಿ ಕಟ್ಟಲಿಲ್ಲ ಅಷ್ಟೇ. ಬೆಂಗಳೂರಿನಲ್ಲಿರುವ ಮಗ ಕರಡು ತಿದ್ದಿ, ಇಲ್ಲಿ ಅಪ್ಪ ನೋಡಿ, ಅರ್ಧ ಗಂಟೆಯಲ್ಲಿ ಲಗ್ನಪತ್ರಿಕೆ ಓಕೆ ಆಗುವುದು ಲಿಂಕಿನಿಂದಲೇ. ಆಧಾರ್, ಡ್ರೈವಿಂಗ್ ಲೈಸೆನ್ಸು, ಆರ್‌ಸಿಗೆ 2015ರಿಂದ ಸರ್ಕಾರದ್ದೇ ಆನ್‌ಲೈನ್ ದಾಖಲೆ ಪೆಟ್ಟಿಗೆ ಡಿಜಿಲಾಕರ್ ಇದೆ, ಅವನ್ನು ಪೆನ್‌ಡ್ರೈವ್‌ನಲ್ಲಿ ಹೊತ್ತು ತಿರುಗುವ ಅಗತ್ಯವೇ ಇಲ್ಲ.

ಆದರೆ ‘ಎಲ್ಲವನ್ನೂ ಕ್ಲೌಡಿಗೆ’ ಅಂದಾಗ ಬರೆದವರು ನಮ್ಮೂರಿನ ಲೆಕ್ಕ ಮಾಡಿದ ಹಾಗೆ ಕಾಣಲಿಲ್ಲ. ನಮ್ಮ ಪಕ್ಕದ ಸ್ಟುಡಿಯೋದವರಿಗೆ ಒಂದು ಮದುವೆಗೆ 64 ಜಿಬಿ ಸಲೀಸಾಗಿ ಆಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜಿನಲ್ಲಿ ಅದನ್ನು ಮೇಲೆ ಹಾಕಲು 43 ದಿನ ಬೇಕು. ಅಷ್ಟರಲ್ಲಿ ಮದುಮಗಳು ತವರಿಗೆ ಬಂದು ವಾಪಸ್ ಹೋಗಿರುತ್ತಾಳೆ. ಅಂಗಡಿ ವೈಫೈನಲ್ಲಿ ಅಪ್‌ಲೋಡ್ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್, ಅಂದರೆ ಒಂದು ಎಂಬಿಗಿಂತಲೂ ಕಮ್ಮಿ) ಸಿಕ್ಕರೂ 28 ಗಂಟೆ, ಅದೂ ನಡುವೆ ಕರೆಂಟ್ ಹೋಗದಿದ್ದರೆ. ಸೆಕೆಂಡಿಗೆ 10 ಎಂಬಿ ಬರೆಯುವ ಸಾಧಾರಣ ಪೆನ್‌ಡ್ರೈವ್‌ಗೆ ಅದೇ ಕೆಲಸ ಒಂದು ಮುಕ್ಕಾಲು ಗಂಟೆಯದು. ಹೊಸಪೇಟೆ ಬಸ್ಸಿಗೆ ಕೊಟ್ಟು ಕಳಿಸಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಆಲ್ಬಂ ಮಾಡುವವರ ಕೈಯಲ್ಲಿರುತ್ತದೆ. ಒಯ್ಯುವುದಕ್ಕೆ ಇವತ್ತಿಗೂ ಇದನ್ನು ಮೀರಿಸಿದ್ದು ನಮ್ಮೂರಿಗೆ ಬಂದಿಲ್ಲ.

ಇನ್ನು ನನ್ನ ತಪ್ಪಿನ ಕಥೆ. ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಏಳೆಂಟು ವರ್ಷದ ಹಿಂದೆ ಅರ್ಜಿಗಳೆಲ್ಲಾ ಆನ್‌ಲೈನ್ ಆದಾಗ ಎಲ್ಲದಕ್ಕೂ ಇಮೇಲ್ ಕೇಳತೊಡಗಿದರು. ಹಳ್ಳಿಯಿಂದ ಬಂದವರಿಗೆ ಇಮೇಲ್ ಎಲ್ಲಿಂದ ಬರಬೇಕು? ಹೊರಗೆ ಕ್ಯೂ ನಿಂತಿರುತ್ತಿತ್ತು. ನಾನೇ ಮಾಡಿಕೊಡುತ್ತಿದ್ದೆ, ಹೆಸರು, ಮುಂದೆ ಹುಟ್ಟಿದ ವರ್ಷ. ಪಾಸ್‌ವರ್ಡ್ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಪಾಸ್‌ವರ್ಡ್ ಮರೆತರೆ ಕೋಡ್ ಕಳಿಸುವ ರಿಕವರಿ ನಂಬರ್ ಕೇಳಿದಾಗ ಅಂಗಡಿಯ ನಂಬರ್. 200 ಪೇಜಿನ ಒಂದು ನೋಟ್‌ಬುಕ್ ತುಂಬ ಅಂಥ ಐಡಿಗಳಿವೆ, ಈಗಲೂ ನನ್ನ ಡ್ರಾಯರಿನಲ್ಲಿದೆ. ಆಗ ಅದು ಬರೀ ಅರ್ಜಿ ತುಂಬಲು. ಮುಂದೆ ಅದೇ ಮಕ್ಕಳು ಸ್ಮಾರ್ಟ್‌ಫೋನ್ ಕೊಂಡರು. ಇದ್ದ ಐಡಿಯನ್ನೇ ಫೋನಿಗೆ ಹಾಕಿದರು. ಅವರ ಫೋಟೋ, ಕಾಂಟ್ಯಾಕ್ಟು, ಎಲ್ಲಾ ಅದಕ್ಕೇ ಹೋಗಿ ಕೂತವು.

ನಾನು ನಡುವೆ ಆ ಅಂಗಡಿ ನಂಬರಿಗೆ ರೀಚಾರ್ಜ್ ಮಾಡುವುದು ಬಿಟ್ಟೆ. ಎರಡು ಸಿಮ್ ಯಾಕೆ ಅಂತ. ಬಂದ್ ಆದ ನಂಬರನ್ನು 90 ದಿನ ಯಾರಿಗೂ ಕೊಡುವುದಿಲ್ಲ ಅಂತ ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತ್ತು. ಅಂದರೆ ಆಮೇಲೆ ಕೊಡಬಹುದು ಅಂತಾಯಿತು. ಕೊಟ್ಟರು. ಹೋದ ವರ್ಷ ಕನಕಗಿರಿ ಕಡೆಯ ಹುಡುಗಿ ಬಂದಳು, ಈಗ ಬೆಂಗಳೂರಿನಲ್ಲಿ ನರ್ಸು. ಫೋನ್ ಬಸ್ಸಿನಲ್ಲಿ ಕಳವಾಗಿದೆ. ಹೊಸ ಫೋನಿನಲ್ಲಿ ಐಡಿ ಹಾಕಿದರೆ ಕೋಡ್ ಹೋಗುವುದು ನನ್ನ ಹಳೆ ನಂಬರಿಗೆ. ‘ಅಕ್ಕಾ, ಅದರಾಗ ನಮ್ಮಪ್ಪನ ಫೋಟೋ ಅದಾವು’ ಅಂದಳು. ಅಪ್ಪ ಇಲ್ಲ. ಆ ನಂಬರಿಗೆ ಫೋನ್ ಹಚ್ಚಿದೆವು. ಯಾರೋ ಗಂಡಸು ಎತ್ತಿದರು, ಹಿಂದಿಯಲ್ಲಿ ಮಾತಾಡಿದರು, ಒಟಿಪಿ ಅಂದ ಕೂಡಲೇ ಬೈದು ಇಟ್ಟರು. ಅವರದೇನು ತಪ್ಪು, ಒಟಿಪಿ ಯಾರಿಗೂ ಹೇಳಬೇಡಿ ಅಂತ ದಿನಾ ಕೇಳಿರುತ್ತಾರೆ. ಐಡಿ ಸಿಗಲಿಲ್ಲ. ಆ ಹುಡುಗಿ ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ಆ ನೋಟ್‌ಬುಕ್ ಹಿಡಿದು ಸಿಕ್ಕವರಿಗೆಲ್ಲಾ ಫೋನ್ ಮಾಡುತ್ತಿದ್ದೇನೆ. ಬನ್ನಿ, ರಿಕವರಿ ನಂಬರ್ ಬದಲಿಸಿಕೊಂಡು ಹೋಗಿ, ದುಡ್ಡು ಬೇಡ ಅಂತ. ಗಂಗಾವತಿ, ಕುಷ್ಟಗಿ, ಸಿಂಧನೂರು, ಸಿರುಗುಪ್ಪ, ಎಲ್ಲಿಯ ಅಂಗಡಿಯಲ್ಲಾದರೂ ಹೀಗೆ ಐಡಿ ಮಾಡಿಸಿಕೊಂಡವರು ನಿಮ್ಮ ಓದುಗರಲ್ಲಿ ಎಷ್ಟು ಜನ ಇರಬಹುದು ಯೋಚಿಸಿ. ಅವರಿಗೆ ‘ಕ್ಲೌಡಿಗೆ ಹಾಕಿ’ ಅನ್ನುವ ಮುಂಚೆ ‘ಆ ಕ್ಲೌಡಿನ ಬೀಗದ ಕೈ ಯಾರ ಫೋನಿನಲ್ಲಿದೆ ನೋಡಿಕೊಳ್ಳಿ’ ಅಂತ ಬರೆಯಬೇಕಿತ್ತು. ಹಾಗೇ, ಗೂಗಲ್‌ನ ಉಚಿತ 15 ಜಿಬಿಯಲ್ಲಿ ಮೇಲ್, ಡ್ರೈವ್, ಫೋಟೋ ಮೂರೂ ಸೇರಿವೆ ಅನ್ನುವುದನ್ನು, ಎರಡು ವರ್ಷ ಮುಟ್ಟದೇ ಬಿಟ್ಟ ಅಕೌಂಟನ್ನು ಅವರು ಅಳಿಸಬಹುದು ಅನ್ನುವ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ ಅನ್ನುವುದನ್ನು ಕೂಡ. ತಿಜೋರಿಯಲ್ಲಿಟ್ಟು ಮರೆಯುವವರು ಅಲ್ಲೂ ಇಟ್ಟು ಮರೆಯುತ್ತಾರೆ.

ಇನ್ನೊಂದು ವಿಷಯಕ್ಕೆ ನನ್ನ ಮಗನೇ ಉದಾಹರಣೆ. ಫೋನ್ ತುಂಬಿತು ಅಂತ ಗೂಗಲ್ ಫೋಟೋಸ್‌ನಲ್ಲಿ ಕೂತು ಹಳೆ ಫೋಟೋ ಅಳಿಸಿದ. ‘ಕ್ಲೌಡಿನಾಗ ಐತಲ್ಲಮ್ಮ’ ಅಂದ. ಕ್ಲೌಡಿನಲ್ಲೂ ಹೋಗಿತ್ತು. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಅದು ಕನ್ನಡಿ ಇದ್ದ ಹಾಗೆ. ಫೋನಿನಲ್ಲಿ ಮಾತ್ರ ಜಾಗ ಖಾಲಿ ಮಾಡಲು ಬೇರೆ ಬಟನ್ ಇದೆ, ಅದನ್ನು ಒತ್ತಬೇಕಿತ್ತು. ಬ್ಯಾಕಪ್ ಆದ ಫೋಟೋ ಕಸದ ಡಬ್ಬಿಯಲ್ಲಿ 60 ದಿನ ಇರುತ್ತದೆ, ಆರನೇ ವಾರಕ್ಕೆ ಗೊತ್ತಾಯಿತು, ಬಚಾವಾದೆವು. ಗೂಗಲ್ ಡ್ರೈವ್‌ನ ಕಸದ ಡಬ್ಬಿಗಾದರೆ 30 ದಿನವೇ.

ಕ್ಲೌಡ್ ಅಂದರೂ ಅದು ಎಲ್ಲೋ ಒಂದು ಕಟ್ಟಡ, ಅಲ್ವಾ? ದಕ್ಷಿಣ ಕೊರಿಯಾದ ಸರ್ಕಾರ ತನ್ನ ನೌಕರರಿಗೆ ಫೈಲುಗಳನ್ನು ಆಫೀಸಿನ ಕಂಪ್ಯೂಟರಿನಲ್ಲಿ ಇಡಬೇಡಿ, ಸರ್ಕಾರಿ ಕ್ಲೌಡಿನಲ್ಲೇ ಇಡಿ ಅಂದಿತ್ತು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ಊರಿನ ಆ ಕೇಂದ್ರದಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿತು. 858 ಟಿಬಿ ಸುಟ್ಟುಹೋಯಿತು. ತುಂಬಾ ದೊಡ್ಡದು ಅಂತ ಬೇರೆ ಕಡೆ ಇನ್ನೊಂದು ಕಾಪಿಯನ್ನೇ ಇಟ್ಟಿರಲಿಲ್ಲ. ಸುದ್ದಿ ಓದಿದಾಗ ನನಗೆ ನೆನಪಾದದ್ದು ಮಾಸ್ತರರ ಹತ್ತಿಯ ಡಬ್ಬಿ.

ಹಾಗಾಗಿ ಕ್ಲೌಡೋ ಪೆನ್‌ಡ್ರೈವೋ ಅಂತ ಪ್ರಶ್ನೆ ಕೇಳಿದ್ದೇ ನನಗೆ ಸರಿ ಕಾಣಲಿಲ್ಲ. ನಾನು ಗಿರಾಕಿಗಳನ್ನು ಕೇಳುವುದು ಒಂದೇ: ಇದರದ್ದು ಇನ್ನೊಂದು ಎಲ್ಲಿದೆ? ನಮ್ಮ ಜಿಲ್ಲೆಯವರಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಿಲ್ಲ. ಅಶೋಕ ಒಂದೇ ಶಾಸನವನ್ನು ಕೊಪ್ಪಳದ ಗವಿಮಠದಲ್ಲೂ ಕೆತ್ತಿಸಿದ, ಪಕ್ಕದ ಪಾಲ್ಕಿಗುಂಡಿನಲ್ಲೂ ಕೆತ್ತಿಸಿದ, ರಾಯಚೂರಿನ ಮಸ್ಕಿಯಲ್ಲೂ, ಬಳ್ಳಾರಿ ಕಡೆ ನಿಟ್ಟೂರು, ಉದೇಗೊಳದಲ್ಲೂ ಕೆತ್ತಿಸಿದ. 1915ರಲ್ಲಿ ಮಸ್ಕಿಯ ಬಂಡೆ ಸಿಕ್ಕಾಗ ಅದರಲ್ಲಿ ಅಶೋಕ ಅನ್ನುವ ಹೆಸರೇ ಇತ್ತು, ಆದರೆ ಸಾಲುಗಳು ಅಲ್ಲಲ್ಲಿ ಸವೆದಿದ್ದವು. ಗವಿಮಠದ್ದು ಚೆನ್ನಾಗಿ ಉಳಿದಿದೆ. ಒಂದರಲ್ಲಿ ಅಳಿದದ್ದನ್ನು ಇನ್ನೊಂದರಲ್ಲಿ ಓದಿಕೊಳ್ಳಬಹುದು. ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋಗ್ ಹೇಳಿದ 3-2-1 ಲೆಕ್ಕವೂ ಹೆಚ್ಚುಕಡಿಮೆ ಇದೇ. ಮೂರು ಕಾಪಿ, ಎರಡು ಬಗೆಯ ವಸ್ತುವಿನಲ್ಲಿ, ಒಂದು ಬೇರೆ ಜಾಗದಲ್ಲಿ.

ನಾನು ಮಾಡುವುದು ಇಷ್ಟು. ಕೆಲಸದ ಫೈಲು ಅಂಗಡಿ ಕಂಪ್ಯೂಟರಿನಲ್ಲಿ. ಒಂದು ಟಿಬಿಯ ಹಾರ್ಡ್‌ಡಿಸ್ಕ್ ಮನೆಯಲ್ಲಿ, ಭಾನುವಾರ ಮಾತ್ರ ಅಂಗಡಿಗೆ ಬರುತ್ತದೆ, ಕಾಪಿ ಆದಮೇಲೆ ಬಿಚ್ಚಿ ಮತ್ತೆ ಮನೆಗೆ. ಚುಚ್ಚಿಯೇ ಬಿಟ್ಟರೆ ಸಿಡಿಲಿಗೋ ವೈರಸ್ಸಿಗೋ ಎರಡೂ ಒಟ್ಟಿಗೆ ಹೋಗುತ್ತವೆ. ಒಮ್ಮೆ ಮಳೆಗಾಲದ ಸಂಜೆ ಹಾಗೆ ಹೋಗಿಯೂ ಇದೆ. ತೀರಾ ಬೇಕಾದದ್ದಕ್ಕೆ ತಿಂಗಳಿಗೆ 130 ರೂಪಾಯಿ ಕೊಟ್ಟು 100 ಜಿಬಿ ಕ್ಲೌಡ್. ಪೆನ್‌ಡ್ರೈವ್ ಒಯ್ಯಲಿಕ್ಕೆ ಮಾತ್ರ. ಮಹಾನವಮಿಗೆ ಕಂಪ್ಯೂಟರಿಗೆ ಕುಂಕುಮ ಹಚ್ಚುವ ದಿನ ಹಳೆ ಡ್ರೈವ್‌ಗಳನ್ನೆಲ್ಲಾ ಹೊರಗೆ ತೆಗೆದು, ಫೈಲುಗಳನ್ನು ಕಂಪ್ಯೂಟರಿಗೆ ಹಾಕಿ, ತೆರೆದು ನೋಡಿ, ಮತ್ತೆ ಹೊಸದಾಗಿ ಬರೆದಿಡುತ್ತೇನೆ. ಸುಮ್ನೆ ಚುಚ್ಚಿ ತೆಗೆದರೆ ಆಗಲ್ಲ.

ಕನ್ನಡದವರಿಗೆ ಇನ್ನೊಂದು ತಾಪತ್ರಯ ಇದೆ, ನಿಮ್ಮ ಪ್ರೆಸ್ಸಿನವರಿಗೂ ಗೊತ್ತಿರುತ್ತದೆ. ನುಡಿ, ಬರಹ ಅನ್ನುವ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಕೂರಿಸಿದ್ದು) ಟೈಪ್ ಮಾಡಿದ ಫೈಲನ್ನು ಹತ್ತು ಕ್ಲೌಡಿಗೆ ಹಾಕಿದರೂ, ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರದ ತಲೆ ಮೇಲೆ ಚುಕ್ಕೆ, ಕೊಂಬು. ಒಬ್ಬರು ತಾವು ಟೈಪ್ ಮಾಡಿಸಿದ ಅಜ್ಜನ ವಚನಗಳ ಫೈಲು ಕೆಟ್ಟಿತು ಅಂತ ಅಳಿಸಿಯೇ ಬಿಟ್ಟಿದ್ದರು. ಕೆಟ್ಟಿರಲಿಲ್ಲ. ಎಲ್ಲಾ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡಿಗೆ ಬದಲಿಸಿ, ಜೊತೆಗೆ ಒಂದು ಪಿಡಿಎಫ್ ಮಾಡಿ ಇಡಿ. ಪುಟ ಜೋಡಿಸುವ ಹಳೆ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಫೈಲಿಗೂ ಇದೇ ಮಾತು.

ಮಾಸ್ತರರ ವಿಷಯ ಅರ್ಧಕ್ಕೆ ಬಿಟ್ಟೆ. ಹೊಸಪೇಟೆಯಲ್ಲಿರುವ ಅವರ ಮಗಳಿಗೆ ಅಪ್ಪ ಆಗಾಗ ವಾಟ್ಸ್ಆ್ಯಪ್‌ನಲ್ಲಿ ಹಾಡು ಕಳಿಸುತ್ತಿದ್ದರಂತೆ. ಆಕೆ ಅಳಿಸಿರಲಿಲ್ಲ. ಹದಿನಾಲ್ಕು ಸಿಕ್ಕವು. ಈಗ ಅವು ಮೂರು ಕಡೆ ಇವೆ. ಮಾಸ್ತರರಿಗೆ ಅವರದೇ ನಂಬರಿನಲ್ಲಿ ಐಡಿ ಮಾಡಿಸಿದ್ದೇನೆ, ರಿಕವರಿಗೆ ಮಗಳ ನಂಬರ್. ಪಾಸ್‌ವರ್ಡ್ ಅವರೇ ಇಟ್ಟುಕೊಂಡರು, ಟೈಪ್ ಮಾಡುವಾಗ ನಾನು ಆ ಕಡೆ ತಿರುಗಿ ನಿಂತೆ.

ಇಂತಿ,
ಜೆರಾಕ್ಸ್ ಅಂಗಡಿಯವಳು, ಗಂಗಾವತಿ
(ಹೆಸರು ಹಾಕಬೇಡಿ, ನೋಟ್‌ಬುಕ್ಕಿನವರೆಲ್ಲಾ ಒಂದೇ ದಿನ ಬಂದಾರು)

ತಾ.ಕ.: ಫಾರ್ಮ್ಯಾಟ್ ಮಾಡಲೇ ಅಂತ ಆ ಚೌಕ ಕೇಳಿದರೆ ಕ್ಯಾನ್ಸಲ್ ಒತ್ತಿ, ಡ್ರೈವ್ ತೆಗೆದಿಡಿ, ಅದಕ್ಕೆ ಹೊಸದೇನನ್ನೂ ಹಾಕಬೇಡಿ. ಇದೊಂದು ಸಾಲನ್ನಾದರೂ ದಪ್ಪ ಅಕ್ಷರದಲ್ಲಿ ಹಾಕಿ.